ಹೊಸ ಸೈಕಲ್ಲಿನ ಟಕ್ ಟಕ್ ಸಪ್ಪಳ ಹಿಡಿದುಕೊಟ್ಟ ಧಾರವಾಡದ ಅಂಗಡಿ

ಧಾರವಾಡದಲ್ಲಿ ಗೇರ್ ಸೈಕಲ್ ಓಡಿಸುವವರು ಈ ಅಂಗಡಿಯನ್ನು ತಿಳಿದಿಟ್ಟುಕೊಳ್ಳಿ. ಲೈನ್ ಬಜಾರದ ಗದ್ದಲ ದಾಟಿ ಒಳಗಿನ ಓಣಿ ಹೊಕ್ಕರೆ ಸಿಗುತ್ತದೆ. ಬೋರ್ಡ್ ಇಲ್ಲ. ತಗಡಿನ ಬಾಗಿಲು, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಪಂಕ್ಚರ್ ನೋಡುವ ನೀರಿನ ಬೋಗುಣಿ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಳೆಯ ರಿಮ್ಮುಗಳು. ನೋಡಿದ ಕೂಡಲೇ ಇದು ಬರೀ ಪಂಕ್ಚರ್ ಅಂಗಡಿ ಅನ್ನಿಸುತ್ತದೆ. ಹಾಗಂತ ಮುಂದೆ ಹೋಗಬೇಡಿ. ನನ್ನ ಹೊಸ ಸೈಕಲ್ಲಿನಲ್ಲಿ ಎದ್ದಿದ್ದ ಟಕ್ ಟಕ್ ಸಪ್ಪಳ ಬೇರೆ ಯಾರ ಕೈಗೂ ಸಿಕ್ಕಿರಲಿಲ್ಲ. ಇಲ್ಲಿನ ಕಾಕಾ ಒಂದೇ ಮಧ್ಯಾಹ್ನದಲ್ಲಿ ಹಿಡಿದರು. ಬೇಡದ ಪಾರ್ಟ್ ಒಂದನ್ನೂ ತಲೆಗೆ ಕಟ್ಟಲಿಲ್ಲ.

ನಾನು ಮಕ್ಕಳಿಗೆ ತಬಲಾ ಕಲಿಸುತ್ತೇನೆ. ಸಪ್ತಾಪುರ, ಮಾಳಮಡ್ಡಿ, ಸಾಧನಕೇರಿ ಅಂತ ಮನೆ ಮನೆಗೆ ಹೋಗಿ ಪಾಠ ಮಾಡುವುದು. ನಮ್ಮ ಊರಲ್ಲಿ ಸಮ ರಸ್ತೆ ಕಡಿಮೆ. ಒಂದು ಏರು ಹತ್ತಿದರೆ ಮುಂದೆ ಒಂದು ಇಳಿಜಾರು, ಅದರಾಚೆ ಮತ್ತೊಂದು ಏರು. ಅದಕ್ಕೇ ಗೇರ್ ಇರುವ ಸೈಕಲ್ ತೆಗೆದುಕೊಂಡೆ. ಅಲ್ಯೂಮಿನಿಯಂ ಫ್ರೇಮ್, ಮುಂದೆ ಮೂರು, ಹಿಂದೆ ಎಂಟು ಗೇರು, ಎರಡೂ ಕಡೆ ಡಿಸ್ಕ್ ಬ್ರೇಕು. 22,000 ರೂಪಾಯಿ ಆಸುಪಾಸು ಬಿತ್ತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದು ಆ ಒಂದು ಕಂಪನಿಯ ಸೈಕಲ್ಲಿಗೆ ಅಂಟಿದ ತೊಂದರೆ ಅಲ್ಲ, ಯಾವ ಹೊಸ ಸೈಕಲ್ಲಿನಲ್ಲೂ ಬರಬಹುದು.

ಮೊದಮೊದಲು ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಸಪ್ಪಳ ಶುರುವಾಯಿತು. ಕರ್ನಾಟಕ ವಿಶ್ವವಿದ್ಯಾಲಯ ಇರುವ ಗುಡ್ಡವನ್ನು ಹಳಬರು ಛೋಟಾ ಮಹಾಬಳೇಶ್ವರ ಅನ್ನುತ್ತಾರೆ. ಆ ಏರು ಹತ್ತುವಾಗ ಕಾಲ ಕೆಳಗೆ ಎಲ್ಲೋ ಟಕ್ ಅಂತು. ಮತ್ತೆ ಟಕ್. ಇಳಿಯುವಾಗ ಇಲ್ಲ. ಸಮ ರಸ್ತೆಯಲ್ಲಿ ಒಮ್ಮೊಮ್ಮೆ. ಏರು ಬಂದರೆ ಮಾತ್ರ ಗ್ಯಾರಂಟಿ. ಬಿಸಿಲಿರಲಿ, ಮಳೆ ಬಂದು ರಸ್ತೆ ಒದ್ದೆ ಇರಲಿ, ವ್ಯತ್ಯಾಸವಿಲ್ಲ.

ಇದನ್ನು ಸಣ್ಣ ವಿಷಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೈಕಲ್ಲಿನಲ್ಲಿ ಎಂಜಿನ್ ಸದ್ದು ಇಲ್ಲ, ಆದ್ದರಿಂದ ಒಂದು ಸಪ್ಪಳ ಬಂತು ಅಂದರೆ ಎಲ್ಲೋ ಎರಡು ಲೋಹದ ತುಂಡುಗಳು ಅಲುಗಾಡಬಾರದ ಕಡೆ ಅಲುಗಾಡುತ್ತಿವೆ ಅಂತಲೇ ಅರ್ಥ. ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ಸಡಿಲವಾಗಿದ್ದು ಹಾಗೇ ಓಡಿಸಿದರೆ ಅದರ ಚೌಕದ ತೂತು ತಿಂದುಹೋಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಹ್ಯಾಂಡಲ್ ಸಡಿಲವಾಗಿದ್ದರಂತೂ ಹೇಳುವುದೇ ಬೇಡ. ಅದೂ ಅಲ್ಲದೆ ನಾನು ದಿನವಿಡೀ ಕಿವಿಯಿಂದ ಕೆಲಸ ಮಾಡುವವನು. ಪಾಠಕ್ಕೆ ಹೋಗುವ ದಾರಿಯಲ್ಲಿ ಆ ದಿನ ಹೇಳಿಕೊಡಬೇಕಾದ ಕಾಯದಾವನ್ನು (ತಬಲಾದ ಒಂದು ಬಗೆಯ ರಚನೆ) ಮನಸ್ಸಿನಲ್ಲೇ ಒಂದು ಸಲ ನುಡಿಸಿಕೊಳ್ಳುವುದು ನನ್ನ ರೂಢಿ. ಅದರ ನಡುವೆ ಈ ಟಕ್ ಬಂದು ಬೀಳುತ್ತಿತ್ತು.

ಸೈಕಲ್ ಕೊಂಡ ಶೋರೂಮಿಗೇ ಮೊದಲು ಹೋದೆ. ಅಲ್ಲಿನ ಹುಡುಗ ಗಾಲಿ ಎತ್ತಿ, ಕೈಯಿಂದ ಪೆಡಲ್ ತಿರುಗಿಸಿದ. ಸಪ್ಪಳ ಬರಲಿಲ್ಲ. "ಹೊಸಾದ್ ಐತ್ರಿ ಸರ, ಓಡ್ಸಕೋತ ಓಡ್ಸಕೋತ ತಾನ ಸರಿ ಆಗ್ತೈತಿ" ಅಂದ. ಆಮೇಲೆ ಸ್ಪ್ರೇ ಡಬ್ಬಿ ತಂದು ಚೈನು, ಪೆಡಲ್ಲು, ಗಾಲಿ ಅಂತ ನೋಡದೆ ಎಣ್ಣೆ ಹೊಡೆಯಲು ಶುರುಮಾಡಿದ. ಡಿಸ್ಕಿಗೆ ತಾಗುವ ಮೊದಲೇ ಕೈ ಹಿಡಿದು ನಿಲ್ಲಿಸಿದೆ. ಡಿಸ್ಕಿಗೆ ಎಣ್ಣೆ ಬಿದ್ದರೆ ಬ್ರೇಕ್ ಪ್ಯಾಡು ಕೆಟ್ಟಿತು ಅಂತಲೇ. ಹೊಸ ಸೈಕಲ್ ಮಾರುವ ಜಾಗದಲ್ಲಿ ಇಷ್ಟಾದರೂ ಗೊತ್ತಿರಬೇಕು. ನನಗೆ ನಿಜಕ್ಕೂ ಬೇಸರವಾಯಿತು.

ಇನ್ನೊಂದು ಅಂಗಡಿಯಲ್ಲಿ ಸಪ್ಪಳವನ್ನು ಕೇಳಿಸಿಕೊಂಡರು, ಆದರೆ ತೀರ್ಪು ತಕ್ಷಣ ಬಂತು. "ಬಿ.ಬಿ. ಹೋಗೇತಿ. ಹೊಸಾದು ಹಾಕಬೇಕು." ಬಿ.ಬಿ. ಅಂದರೆ ಬಾಟಮ್ ಬ್ರ್ಯಾಕೆಟ್, ಎರಡು ಪೆಡಲ್ಲುಗಳ ನಡುವೆ ಫ್ರೇಮಿನ ಒಳಗೆ ಕೂರುವ ಬೇರಿಂಗು. ಪಾರ್ಟಿಗೂ ಕೂಲಿಗೂ ಸೇರಿ 1,800 ರೂಪಾಯಿ ಹೇಳಿದರು. ಕಾಲ ಕೆಳಗೆ ಸಪ್ಪಳ, ಕಾಲ ಕೆಳಗೆ ಇರುವುದು ಬಿ.ಬಿ., ಹಾಗಾಗಿ ಬಿ.ಬಿ.ಯೇ ಕೆಟ್ಟಿದೆ. ಲೆಕ್ಕ ಅಷ್ಟೇ. ತಿಂಗಳೊಪ್ಪತ್ತಿನ ಸೈಕಲ್ಲಿನಲ್ಲಿ ಸೀಲ್ ಆಗಿ ಬರುವ ಬೇರಿಂಗು ಅಷ್ಟು ಬೇಗ ಹೇಗೆ ಹೋಗುತ್ತದೆ ಅಂತ ಕೇಳಿದರೆ ಉತ್ತರವಿಲ್ಲ. ಯೋಚಿಸಿ ಹೇಳ್ತೀನಿ ಅಂತ ಬಂದುಬಿಟ್ಟೆ.

ಕಾಕಾನ ಅಂಗಡಿಯನ್ನು ಹೇಳಿದ್ದು ನನ್ನ ಒಬ್ಬ ವಿದ್ಯಾರ್ಥಿಯ ತಂದೆ. ಕಾಕಾ ಜಮಖಂಡಿ ಕಡೆಯವರು. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ಬಾಗಲಕೋಟೆ, ವಿಜಯಪುರ ಅಲ್ವಾ? ರಾಷ್ಟ್ರಮಟ್ಟಕ್ಕೆ ಹೋದ ಎಷ್ಟೋ ಹುಡುಗ ಹುಡುಗಿಯರು ಆ ಎರಡು ಜಿಲ್ಲೆಗಳ ಊರುಗಳಿಂದ ಬಂದವರು. ಕಾಕಾ ವಯಸ್ಸಿನಲ್ಲಿದ್ದಾಗ ಅಲ್ಲಿನ ರೇಸ್ ಹುಡುಗರ ಸೈಕಲ್ ನೋಡಿಕೊಳ್ಳುತ್ತಿದ್ದರಂತೆ. ಈಗ ಅರವತ್ತರ ಮೇಲಾಗಿದೆ. ಕೈ ಮಾತ್ರ ಚುರುಕಾಗಿದೆ.

ನಾನು ಹೋಗಿ ಸೈಕಲ್ ನಿಲ್ಲಿಸಿದರೆ ಅವರು ಅದನ್ನು ಮುಟ್ಟಲೇ ಇಲ್ಲ. ಕಟ್ಟೆಯ ಮೇಲೆ ಕೂತೇ ಕೇಳಿದರು.

"ಯಾವಾಗ ಬರ್ತೈತ್ರಿ ಸಪ್ಪಳ?"

"ಏರು ಹತ್ತುವಾಗರಿ ಕಾಕಾ. ಇಲ್ಲಿ, ಕಾಲ ಕೆಳಗ…"

"ಎಲ್ಲಿಂದ ಬರ್ತೈತಿ ಅಂತ ಕೇಳಲಿಲ್ರಿ. ಯಾವಾಗ ಬರ್ತೈತಿ? ಪೆಡಲ್ ಒಂದು ಸುತ್ತಿಗೆ ಎಷ್ಟ ಸಲ? ಬಲಗಾಲಿಗೋ, ಎಡಗಾಲಿಗೋ, ಎರಡಕ್ಕೂನೋ? ಕೂತಾಗೋ, ಎದ್ದು ನಿಂತು ತುಳಿದಾಗೋ? ತುಳಿಯೋದು ಬಿಟ್ರ ನಿಲ್ತೈತೋ ಇಲ್ಲೋ?"

ಸಪ್ಪಳದ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಗಳನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ಕಾಕಾ ಹೇಳಿದ್ದಿಷ್ಟು. ಫ್ರೇಮು ಒಳಗೆ ಪೊಳ್ಳು ಕೊಳವೆ. ಒಂದು ತುದಿಯಲ್ಲಿ ಟಕ್ ಅಂದರೆ ಇನ್ನೊಂದು ತುದಿಯಲ್ಲಿ ಕೇಳುತ್ತದೆ. ಹಿಂದಿನ ಗಾಲಿಯ ಸಪ್ಪಳ ಪೆಡಲ್ಲಿನ ಹತ್ತಿರ ಬಂದಂತೆ ಕೇಳಬಹುದು, ಸೀಟಿನ ಸಪ್ಪಳ ಬಿ.ಬಿ.ಯಿಂದ ಬಂದಂತೆ ಕೇಳಬಹುದು. ಜಾಗದ ವಿಷಯದಲ್ಲಿ ಕಿವಿಯನ್ನು ನಂಬಬಾರದು. ಲೆಕ್ಕದ ವಿಷಯದಲ್ಲಿ ನಂಬಬಹುದು.

ಲಯದ ಲೆಕ್ಕ ಅಂದರೆ ನನ್ನ ಕಸುಬೇ. ಅಲ್ಲೇ ಪಕ್ಕದ ಏರಿನಲ್ಲಿ ಹತ್ತಿಳಿದು ಎಣಿಸಿಕೊಂಡು ಬಾ ಅಂದರು. ಗೇರನ್ನೂ ಅವರೇ ಹೇಳಿದರು. ಮುಂದೆ ನಡುವಿನ 38 ಹಲ್ಲಿನ ಚಕ್ರ, ಹಿಂದೆ 15 ಹಲ್ಲಿನದು. ಆಗ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಹತ್ತಿರಹತ್ತಿರ ಎರಡೂವರೆ ಸುತ್ತು ಬರುತ್ತದೆ. ಪೆಡಲ್ ಕೆಳಗೆ ಹೋಗುವ ಜಾಗವನ್ನು ಸಮ್, ಅಂದರೆ ತಾಳದ ಮೊದಲ ಪೆಟ್ಟು, ಅಂತ ಇಟ್ಟುಕೊಂಡೆ. ಸಪ್ಪಳ ಪ್ರತಿ ಸಲ ಸಮ್ಮಿಗೇ ಬಿದ್ದರೆ ಅದು ಕಾಲಿನ ಒತ್ತಡಕ್ಕೆ ಸೇರಿದ್ದು. ಸಮ್ ಬಿಟ್ಟು ಜಾರುತ್ತಾ ಹೋದರೆ ಗಾಲಿಯ ಸುತ್ತಿಗೆ ಸೇರಿದ್ದು, ಅಂದರೆ ಗಾಲಿಯ ಸ್ಪೋಕ್ ಕಡ್ಡಿಯೋ, ಟೈರಿಗೆ ಚುಚ್ಚಿಕೊಂಡ ಕಲ್ಲೋ, ಡಿಸ್ಕಿಗೆ ತಾಗುವ ಏನೋ. ಮೂರು ಸುತ್ತಿಗೆ ಒಂದು ಸಲ ಬಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದಿದೆ ಅಂತ ಅರ್ಥ. ನನ್ನ ಚೈನಿನಲ್ಲಿ 114 ಕೊಂಡಿ. 38 ಹಲ್ಲಿನ ಚಕ್ರದ ಮೇಲೆ ಅದು ಒಂದು ಪೂರ್ತಿ ಸುತ್ತು ಬರಲು ಸರಿಯಾಗಿ ಮೂರು ಪೆಡಲ್ ಸುತ್ತು ಬೇಕು.

ಒಂದು ಎಚ್ಚರಿಕೆಯನ್ನೂ ಕಾಕಾ ಹೇಳಿದರು. ಏರಿನಲ್ಲಿ ಎಲ್ಲರೂ ಮುಂದೆ 28, ಹಿಂದೆ 28 ಹಲ್ಲಿಗೆ ಹಾಕಿಕೊಂಡು ಕಿವಿಗೊಡುತ್ತಾರೆ. ಆ ಗೇರಿನಲ್ಲಿ ಪೆಡಲ್ಲೂ ಗಾಲಿಯೂ ಒಂದಕ್ಕೊಂದು ಸಮನಾಗಿ ತಿರುಗುತ್ತವೆ, ಯಾವುದರ ಸಪ್ಪಳ ಯಾವುದು ಅಂತ ಎಷ್ಟು ಎಣಿಸಿದರೂ ತಿಳಿಯುವುದಿಲ್ಲ. ಈ ಮಾತು ನನಗೆ ತುಂಬಾ ಹಿಡಿಸಿತು. ನೀವು ಮನೆಯಲ್ಲೇ ಹುಡುಕುವುದಾದರೆ ಇದನ್ನು ಮರೆಯಬೇಡಿ.

ಎಣಿಸಿದಾಗ ತಿಳಿದ ಮೊದಲ ಸಂಗತಿ, ಸಪ್ಪಳ ಒಂದಲ್ಲ, ಎರಡು. ಒಂದು ತೆಳ್ಳನೆಯ ಟಿಕ್. ಸುತ್ತಿಗೆ ಒಂದೇ ಸಲ, ಬಲ ಪೆಡಲ್ ಮೇಲಕ್ಕೆ ಬರುವಾಗ. ಇನ್ನೊಂದು ದಪ್ಪ ಟಕ್. ಅದು ಎರಡೂ ಕಾಲಿಗೆ, ಜೋರಾಗಿ ತುಳಿದಾಗ ಮಾತ್ರ, ಪ್ರತಿ ಸಲ ಸಮ್ಮಿಗೇ. ಸ್ವಲ್ಪ ಹಗುರವಾಗಿ ತುಳಿದರೆ ಬಲಗಾಲಿಗೆ ಮಾತ್ರ ಬರುತ್ತಿತ್ತು. ನನ್ನ ಬಲಗಾಲಿನ ಒತ್ತು ಜಾಸ್ತಿ, ಅದಕ್ಕೆ.

ಇದನ್ನು ಕೇಳಿ ಕಾಕಾನ ಮುಖ ಅರಳಿತು. "ಹಂಗ ಹೇಳ್ರಿ ಮಾಸ್ತರ! ಈಗ ಅರ್ಧ ಕೆಲಸ ಆತು."

ತೆಳ್ಳನೆಯ ಟಿಕ್ ಎರಡೇ ನಿಮಿಷದಲ್ಲಿ ಸಿಕ್ಕಿತು. ಮುಂದಿನ ಗೇರಿನ ಕೇಬಲ್ಲಿನ ತುದಿ ಉದ್ದ ಉಳಿದು ಹೊರಕ್ಕೆ ಬಾಗಿತ್ತು. ಬಲಗಡೆಯ ಕ್ರ್ಯಾಂಕ್ ಸುತ್ತುವಾಗಲೆಲ್ಲ ಅದಕ್ಕೆ ತಾಗುತ್ತಿತ್ತು. ಕ್ರ್ಯಾಂಕಿನ ಒಳಮೈಯಲ್ಲಿ ಕೂದಲೆಳೆಯಷ್ಟು ಗೀರು ಬಿದ್ದಿತ್ತು. ಕಾಕಾ ಬೆರಳಿನಿಂದ ಕೇಬಲ್ ತುದಿಯನ್ನು ಒಳಕ್ಕೆ ಮಡಚಿದರು. ಮುಗೀತು.

ದಪ್ಪ ಟಕ್ ಬೇರೆ. ಅದನ್ನು ಕಾಕಾ ಹುಡುಕಿದ ಕ್ರಮವೇ ನನಗೆ ಈ ಅಂಗಡಿಯ ಮೇಲೆ ಗೌರವ ತಂದದ್ದು. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಕಡೆ ಒಟ್ಟಿಗೆ ಬಿಗಿ ಮಾಡಿದರೆ ಸಪ್ಪಳ ಹೋದರೂ ಯಾವುದರಿಂದ ಹೋಯಿತು ಅಂತ ತಿಳಿಯುವುದಿಲ್ಲ ಅನ್ನುವುದು ಅವರ ಮಾತು.

ಎದ್ದು ನಿಂತು ತುಳಿದರೂ ಟಕ್ ಬರುತ್ತಿತ್ತು, ಹಾಗಾಗಿ ಸೀಟು, ಸೀಟಿನ ಕಂಬ ಎರಡೂ ಲೆಕ್ಕದಿಂದ ಹೊರಗೆ. ಹ್ಯಾಂಡಲ್ ಮೇಲೆ ಬರೀ ಅಂಗೈ ಇಟ್ಟು, ಎಳೆಯದೆ ತುಳಿದರೂ ಬರುತ್ತಿತ್ತು, ಹ್ಯಾಂಡಲ್ಲೂ ಹೊರಗೆ. ಎರಡೂ ಕಾಲಿಗೆ ಬರುತ್ತದೆ ಅಂದಮೇಲೆ ಒಂದು ಪೆಡಲ್ಲಿನದು ಆಗಿರಲಾರದು. ಆದರೂ 15 ನಂಬರ್ ಪಾನಾ ಹಾಕಿ ಎರಡನ್ನೂ ಬಿಚ್ಚಿ ತೋರಿಸಿದರು. ಥ್ರೆಡ್ಡು ಒಣಒಣ, ಗ್ರೀಸಿನ ಕಲೆ ಕೂಡ ಇಲ್ಲ. ಹೊಸ ಸೈಕಲ್ಲುಗಳಲ್ಲಿ ಇದು ಮಾಮೂಲಂತೆ. ಇಂದಲ್ಲ ನಾಳೆ ಇಲ್ಲಿಂದಲೂ ಸಪ್ಪಳ ಬರುತ್ತಿತ್ತು. ಗ್ರೀಸ್ ಹಚ್ಚಿ ಮತ್ತೆ ಕೂರಿಸಿದರು. ನೆನಪಿರಲಿ, ಎಡ ಪೆಡಲ್ಲಿನ ಥ್ರೆಡ್ಡು ಉಲ್ಟಾ. ಗೊತ್ತಿಲ್ಲದೆ ಜೋರು ಮಾಡಿದರೆ ಕ್ರ್ಯಾಂಕೇ ಹಾಳು. ಕ್ರ್ಯಾಂಕಿನ ಬೋಲ್ಟುಗಳಿಗೆ 8 ನಂಬರ್ ಅಲೆನ್ ಕೀ ಹಾಕಿ ನೋಡಿದರು, ಬಿಗಿಯಾಗಿದ್ದವು. ಚೈನ್ ಚಕ್ರದ ಬೋಲ್ಟುಗಳೂ ಸರಿ ಇದ್ದವು.

ಆಮೇಲೆ ಮಾಡಿದ್ದು ನಾನು ಎಲ್ಲೂ ನೋಡದ ಕೆಲಸ. ಪೆಡಲ್ಲುಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ, ನನಗೆ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿದರು. ಗಾಲಿ ತಿರುಗುವಂತಿಲ್ಲ. ಈಗ ಮುಂದಿನ ಪೆಡಲ್ಲಿನ ಮೇಲೆ ಕಾಲಿಟ್ಟು ಒತ್ತು ಅಂದರು. ಒತ್ತಿದೆ. ಟಕ್! ಬಿಟ್ಟೆ. ಒತ್ತಿದೆ. ಟಕ್! ಏರೂ ಇಲ್ಲ, ಓಟವೂ ಇಲ್ಲ, ನಿಂತಲ್ಲೇ ಸಪ್ಪಳ ಸಿಕ್ಕಿತು. ಶೋರೂಮಿನಲ್ಲಿ ಗಾಲಿ ಎತ್ತಿ ತಿರುಗಿಸಿದಾಗ ಇದು ಏಕೆ ಬರಲಿಲ್ಲ ಅಂತ ಆಗ ತಿಳಿಯಿತು. ಅಲ್ಲಿ ಭಾರವೇ ಇರಲಿಲ್ಲ.

ನಾನು ಒತ್ತುತ್ತಾ ಇದ್ದೆ. ಕಾಕಾ ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಫ್ರೇಮಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು, ಡಾಕ್ಟರು ಎದೆಗೆ ಕೊಳವೆ ಇಟ್ಟ ಹಾಗೆ. ಬಿ.ಬಿ. ಹತ್ತಿರ ಇಟ್ಟರು. ತಲೆ ಆಡಿಸಿದರು. ಸೀಟಿನ ಕೆಳಗೆ. ಅಲ್ಲೂ ಇಲ್ಲ. ಹಿಂದಿನ ಗಾಲಿಯ ಆಕ್ಸಲ್ ಕೂರುವ ಕಚ್ಚು ಇದೆಯಲ್ಲ, ಬಲಗಡೆ, ಅಲ್ಲಿಟ್ಟು ಕಣ್ಣು ಮುಚ್ಚಿಕೊಂಡರು. "ನೀವ ಕೇಳ್ರಿ" ಅಂತ ಸ್ಕ್ರೂಡ್ರೈವರ್ ನನಗೆ ಕೊಟ್ಟು ತಾವು ಪೆಡಲ್ ಒತ್ತಿದರು. ಬಿ.ಬಿ. ಹತ್ತಿರ ಅದು ದೂರದ ಮನೆಯ ಬಾಗಿಲು ಬಡಿದಷ್ಟು ಮಂದ. ಕಚ್ಚಿನ ಹತ್ತಿರ ಕಿವಿಯೊಳಗೇ ಚುಚ್ಚುವಷ್ಟು ಹರಿತ. ಅನುಮಾನಕ್ಕೆ ಜಾಗವೇ ಇಲ್ಲ.

ಅಷ್ಟಕ್ಕೇ ನಿಲ್ಲಿಸದೆ ತಮ್ಮ ಮಗನ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ ನನ್ನ ಸೈಕಲ್ಲಿಗೆ ಹಾಕಿದರು. ಅಳತೆ ಒಂದೇ, ಅದಕ್ಕೂ ಎಂಟು ಗೇರು. ಒತ್ತಿದೆ. ನಿಶ್ಶಬ್ದ. ಏರಿಗೆ ಹೋಗಿ ಎದ್ದು ನಿಂತು ತುಳಿದೆ. ನಿಶ್ಶಬ್ದ. ಅಂದರೆ ಬಿ.ಬಿ. ನಿರಪರಾಧಿ. 1,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದ್ದರೆ ಸಪ್ಪಳ ಹಾಗೇ ಉಳಿಯುತ್ತಿತ್ತು.

ಈಗ ನನ್ನ ಗಾಲಿಯ ಸರದಿ. ಕಾಕಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು. ಒಟ್ಟು 32 ಕಡ್ಡಿ. ಗೇರು ಇರುವ ಬಲಗಡೆಯ ಕಡ್ಡಿಗಳು ಮೇಲಿನ ಸ್ವರದಲ್ಲಿ, ಎಡಗಡೆಯವು ಕೆಳಗಿನ ಸ್ವರದಲ್ಲಿ. ಹಿಂದಿನ ಗಾಲಿಯಲ್ಲಿ ಹಾಗೇ ಇರಬೇಕು. ಗೇರಿನ ಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಬಲಗಡೆಯ ಕಡ್ಡಿಗಳನ್ನು ಹೆಚ್ಚು ಬಿಗಿದಿರುತ್ತಾರೆ. ಒಂದೇ ಕಡೆಯ ಕಡ್ಡಿಗಳು ಮಾತ್ರ ಹೆಚ್ಚುಕಡಿಮೆ ಒಂದೇ ಸ್ವರ ಹೇಳಬೇಕು. ಬಲಗಡೆ ಮೀಟುತ್ತಾ ಬಂದಾಗ ಒಂದು ಕಡ್ಡಿ ಅರ್ಧ ಸ್ವರ ಇಳಿದಿತ್ತು. "ಅದು ಇಳಿದೈತ್ರಿ ಕಾಕಾ" ಅಂದೆ. ಅವರೂ ಅಲ್ಲೇ ಬೆರಳು ನಿಲ್ಲಿಸಿದ್ದರು. ಇಬ್ಬರಿಗೂ ಸಂತೋಷವಾಯಿತು. ಕಡ್ಡಿ ಕೀ ಹಾಕಿ ಕಾಲು ಸುತ್ತು ತಿರುಗಿಸಿ, ಗಾಲಿ ಡೊಂಕಾಗಿಲ್ಲ ಅಂತ ನೋಡಿ, ಮತ್ತೆ ಮೀಟಿದರು. ಶ್ರುತಿ ಸೇರಿತು.

ಆದರೆ ನಮ್ಮ ಟಕ್ ಆ ಕಡ್ಡಿಯದಲ್ಲ. ಕಡ್ಡಿಯ ಸಪ್ಪಳ ಗಾಲಿಯ ಸುತ್ತಿಗೆ ಬರಬೇಕು, ಇದು ಕಾಲಿನ ಲಯಕ್ಕೆ ಬರುತ್ತಿತ್ತು. ಹೊಸ ಗಾಲಿಯ ಕಡ್ಡಿಗಳು ಮೊದಲ ಕೆಲವು ಓಟಗಳಲ್ಲಿ ಟಿಣ್ ಟಿಣ್ ಅನ್ನುವುದುಂಟು. ಬಿಗಿಯುವಾಗ ತಿರುಚಿಕೊಂಡ ಕಡ್ಡಿ ಬಿಚ್ಚಿಕೊಳ್ಳುವ ಸಪ್ಪಳ ಅದು. ತಾನಾಗಿಯೇ ನಿಲ್ಲುತ್ತದೆ. ಶೋರೂಮಿನವರ "ತಾನ ಸರಿ ಆಗ್ತೈತಿ" ಅನ್ನುವ ಮಾತು ಅದೊಂದಕ್ಕೆ ಹೊಂದುತ್ತದೆ. ಬೇರೆ ಯಾವ ಟಕ್ಕೂ ತಾನಾಗಿ ಸರಿಯಾಗುವುದಿಲ್ಲ.

ಕೊನೆಗೆ ಫ್ರೇಮಿನ ಕಚ್ಚನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು. ನನ್ನ ಸೈಕಲ್ಲಿನ ಬಣ್ಣ ಕಡು ಹಸಿರು. ಕಚ್ಚಿನ ಒಳಮುಖಕ್ಕೂ ಆ ಬಣ್ಣ ದಪ್ಪಗೆ ಬಿದ್ದಿತ್ತು. ಆಕ್ಸಲ್ಲಿನ ನಟ್ಟಿನ ಮುಖದಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಲೋಹವನ್ನು ಕಚ್ಚಿ ಹಿಡಿಯಲಿ ಅಂತ. ಇಲ್ಲಿ ಅವು ಲೋಹಕ್ಕೆ ತಲುಪದೆ ಬಣ್ಣವನ್ನು ಕಚ್ಚಿದ್ದವು. ಓಡಿಸುತ್ತಾ ಬಣ್ಣ ಪುಡಿಯಾಗಿ, ಒಂದು ಅಂಚಿನಲ್ಲಿ ಗುಡ್ಡೆ ಕಟ್ಟಿ, ಇನ್ನೊಂದು ಕಡೆ ಅರ್ಧಚಂದ್ರದ ಆಕಾರದಲ್ಲಿ ಬೆಳ್ಳಗೆ ಲೋಹ ಕಾಣುತ್ತಿತ್ತು. ನಟ್ಟಿನ ಹಲ್ಲುಗಳ ನಡುವೆ ಹಸಿರು ಪುಡಿ ತುಂಬಿತ್ತು. ಜೋರಾಗಿ ತುಳಿದಾಗ ಚೈನು ಆಕ್ಸಲ್ಲಿನ ಬಲ ತುದಿಯನ್ನು ಮುಂದಕ್ಕೆ ಎಳೆಯುತ್ತದೆ. ಹಿಡಿತ ಇಲ್ಲದ್ದರಿಂದ ಅದು ಕೂದಲಿನಷ್ಟು ಜಾರಿ ಟಕ್ ಅನ್ನುತ್ತಿತ್ತು. ಕಾಲು ಸಡಿಲಿಸಿದರೆ ಮೊದಲಿನ ಜಾಗಕ್ಕೆ. ಎರಡೂ ಕಾಲಿಗೆ ಏಕೆ ಬರುತ್ತಿತ್ತು, ಇಳಿಜಾರಿನಲ್ಲಿ ಏಕೆ ಇರಲಿಲ್ಲ, ಕೆಲವು ವಾರ ಕಳೆದ ಮೇಲೇ ಏಕೆ ಶುರುವಾಯಿತು, ಎಲ್ಲಕ್ಕೂ ಉತ್ತರ ಆ ಹಸಿರು ಪುಡಿಯಲ್ಲಿತ್ತು.

ಇನ್ನೊಂದು ಕಾರಣವೂ ಜೊತೆಗಿತ್ತು. ಅದು ಗಾಲಿಯನ್ನು ಫ್ರೇಮಿಗೆ ಹಿಡಿದಿಡುವ ಕ್ವಿಕ್ ರಿಲೀಸ್ ಕಡ್ಡಿ, ಅಂದರೆ ಆಕ್ಸಲ್ಲಿನ ಒಳಗೆ ಹಾದುಹೋಗುವ, ಲಿವರಿನಿಂದ ಬಿಗಿಯುವ ಸರಳು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಲಿವರ್ ಮಡಚಿದಾಗ ಬಿಗಿಯುವ ಕ್ಯಾಮ್ ಅನ್ನುವ ಓರೆ ತುಂಡು ಹೊರಗೆ ಕಾಣುತ್ತದೆ, ಕೆಳಗೊಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಇನ್ನೊಂದರಲ್ಲಿ ಕ್ಯಾಮ್ ಲೋಹದ ಒಳಗೆ ಮುಚ್ಚಿಕೊಂಡಿರುತ್ತದೆ. ಎರಡನೆಯದರ ಹಿಡಿತ ಜಾಸ್ತಿ. ನನ್ನ ಸೈಕಲ್ಲಿಗೆ ಬಂದದ್ದು ಮೊದಲನೆಯದು. ಕಾಕಾ ಇದನ್ನೂ ಪರೀಕ್ಷೆ ಮಾಡಿಯೇ ತೋರಿಸಿದರು. ಬಣ್ಣ ಕೆರೆಯುವ ಮೊದಲು, ಮಗನ ಗಾಲಿಯ ಕ್ವಿಕ್ ರಿಲೀಸ್ ಕಡ್ಡಿಯನ್ನು ನನ್ನ ಗಾಲಿಗೆ ಹಾಕಿ ಬಿಗಿದರು. ಟಕ್ ಪೂರ್ತಿ ಹೋಗಲಿಲ್ಲ, ಆದರೆ ಮುಕ್ಕಾಲು ಪಾಲು ಇಳಿಯಿತು.

ಆಮೇಲೆ ರಿಪೇರಿ. ಕಚ್ಚಿನ ಒಳ ಹೊರ ಮುಖಗಳಲ್ಲಿ ನಟ್ಟು ಕೂರುವ ಜಾಗದ ಬಣ್ಣವನ್ನಷ್ಟೇ ನಯವಾದ ಪಾಲಿಶ್ ಪೇಪರಿನಿಂದ ತೆಗೆದರು. ಅರ ಹಾಕಲಿಲ್ಲ. ಲೋಹ ತಿನ್ನಬಾರದು, ಬಣ್ಣ ಮಾತ್ರ ಹೋಗಬೇಕು ಅಂತ. ನಟ್ಟಿನ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಅಲ್ಯೂಮಿನಿಯಂ ಆದ್ದರಿಂದ ತುಕ್ಕಿನ ಚಿಂತೆ ಇಲ್ಲ. ಕಬ್ಬಿಣದ ಫ್ರೇಮ್ ಆದರೆ ಅಲ್ಲಿ ತೆಳ್ಳಗೆ ಗ್ರೀಸ್ ಒರೆಸಬೇಕಂತೆ. ಡಬ್ಬಿಯಲ್ಲಿ ಹುಡುಕಿ ಒಳಗಿನ ಕ್ಯಾಮ್ ಇರುವ ಶಿಮಾನೊ ಕಂಪನಿಯ ಹಳೆಯ ಕ್ವಿಕ್ ರಿಲೀಸ್ ಕಡ್ಡಿಯೊಂದನ್ನು ತೆಗೆದು ನನ್ನ ಗಾಲಿಗೆ ಹಾಕಿದರು. ಬಿಗಿಯುವ ರೀತಿಯನ್ನು ನನ್ನ ಕೈಯಲ್ಲೇ ಮಾಡಿಸಿದರು. ಗಾಲಿ ನೆಲದ ಮೇಲೆ ನಿಂತಿರಬೇಕು, ಆಕ್ಸಲ್ ಕಚ್ಚಿನ ತುದಿ ಮುಟ್ಟಿರಬೇಕು. ಲಿವರ್ ಅರ್ಧ ದಾರಿಗೆ ಬಂದಾಗ ಬಿಗಿ ಹತ್ತಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಅದರ ಗುರುತು ಮೂಡಬೇಕು. ಲಿವರನ್ನು ನಟ್ಟಿನ ಹಾಗೆ ಸುತ್ತುವುದಲ್ಲ, ಮಡಚುವುದು. ಎಷ್ಟೋ ಮಂದಿ ಸುತ್ತಿ ಬಿಟ್ಟುಬಿಡುತ್ತಾರೆ, ಅದು ಅಪಾಯ. ಹೊಸ ಸೈಕಲ್ ಕೊಡುವಾಗ ಅಂಗಡಿಯವರು ಹೇಳಿಕೊಡಬೇಕಾದ ಮೊದಲ ಪಾಠ ಇದು. ನನಗೆ ಅಲ್ಲಿ ಯಾರೂ ಹೇಳಿರಲಿಲ್ಲ.

ಸಂಜೆ ಅಲ್ಲಿಂದಲೇ ವಿಶ್ವವಿದ್ಯಾಲಯದ ಏರಿಗೆ ಹೋದೆ. ಬೇಕಂತಲೇ ದೊಡ್ಡ ಗೇರು ಹಾಕಿ, ಎದ್ದು ನಿಂತು, ಪೂರ್ತಿ ಭಾರ ಬಿಟ್ಟು ತುಳಿದೆ. ಚೈನಿನ ಸಣ್ಣ ಸರಸರ, ಟೈರಿನ ಸದ್ದು, ನನ್ನ ಉಸಿರು. ಟಕ್ ಇಲ್ಲ. ಆಮೇಲೆ ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಕೆಲಗೇರಿ ಕಡೆಯ ಕೆಂಪು ಮಣ್ಣಿನ ರಾಡಿಯಲ್ಲೂ ಹೋಗಿದ್ದೇನೆ. ಇವತ್ತಿನವರೆಗೂ ಬಂದಿಲ್ಲ.

ಖರ್ಚಿನ ಲೆಕ್ಕ: ಹಳೆಯ ಕ್ವಿಕ್ ರಿಲೀಸ್ ಕಡ್ಡಿಗೆ 150, ಕೂಲಿ 200. ಒಟ್ಟು 350 ರೂಪಾಯಿ. ಮೂರು ತಾಸಿಗೂ ಹೆಚ್ಚು ಹೊತ್ತು ಕೆಲಸ ಮಾಡಿ ಇಷ್ಟೇ ಕೇಳಿದಾಗ ನನಗೇ ಸಂಕೋಚವಾಯಿತು. ಹೆಚ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹುಡುಕುವ ಕೆಲಸಕ್ಕೆ ಬೇರೆಯಾಗಿ ದುಡ್ಡು ಕೇಳುವುದು ನ್ಯಾಯ. ನಾವು ಗಿರಾಕಿಗಳು ಪಾರ್ಟಿಗೆ ಸಾವಿರ ಕೊಡುತ್ತೇವೆ, ತಲೆಗೂ ಕಿವಿಗೂ ಕೊಡಲು ಹಿಂದೆಮುಂದೆ ನೋಡುತ್ತೇವೆ. ಅದಕ್ಕೇ ಅಲ್ವಾ ಎಷ್ಟೋ ಅಂಗಡಿಗಳಲ್ಲಿ ಹುಡುಕುವ ಗೋಜಿಗೇ ಹೋಗದೆ ಪಾರ್ಟ್ ಬದಲಾಯಿಸಿಬಿಡುವುದು?

ಕೊರತೆಗಳೂ ಇವೆ, ಹೇಳಲೇಬೇಕು. ಕಾಕಾ ಒಬ್ಬರೇ, ಮಗ ಸಂಜೆ ಮಾತ್ರ ಬರುತ್ತಾನೆ. ಕೆಲಸದ ನಡುವೆ ಶಾಲೆಯ ಮಕ್ಕಳು ಪಂಕ್ಚರ್ ತಂದರೆ ಅವರದ್ದು ಮೊದಲು, ನಿಮ್ಮದು ಆಮೇಲೆ. ನನಗೆ ಅದು ಸರಿ ಅನ್ನಿಸಿತು, ಆದರೆ ಅವಸರದಲ್ಲಿ ಹೋಗಬೇಡಿ. ರಸೀದಿ ಕೊಡುವುದಿಲ್ಲ. ಆಯಿಲ್ ತುಂಬುವ ಹೈಡ್ರಾಲಿಕ್ ಬ್ರೇಕಿನ ಕೆಲಸ ಮಾಡುವುದಿಲ್ಲ, ಕಾರ್ಬನ್ ಫ್ರೇಮನ್ನು ಮುಟ್ಟುವುದಿಲ್ಲ. ಎರಡನ್ನೂ ಮೊದಲೇ ನೇರವಾಗಿ ಹೇಳಿಬಿಡುತ್ತಾರೆ. ಹೊಸ ಪಾರ್ಟುಗಳ ಸ್ಟಾಕ್ ಕಡಿಮೆ, ಬೇಕಾದರೆ ಹುಬ್ಬಳ್ಳಿಯಿಂದ ತರಿಸುತ್ತಾರೆ, ಅದಕ್ಕೆ ದಿನ ಹಿಡಿಯುತ್ತದೆ. ಕೂರಲು ಕಟ್ಟೆ ಬಿಟ್ಟರೆ ಜಾಗವಿಲ್ಲ. ಮಳೆಯಲ್ಲಿ ಕಷ್ಟ.

ನಿಮ್ಮ ಸೈಕಲ್ ಇನ್ನೂ ವಾರಂಟಿಯಲ್ಲಿದ್ದರೆ ಬಣ್ಣ ಕೆರೆಯುವ ಮೊದಲು ಕೊಂಡ ಅಂಗಡಿಗೆ ಒಂದು ಮಾತು ತಿಳಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಹಾಗೇ ಮಾಡಿದೆ, ಅವರು ತಕರಾರು ಮಾಡಲಿಲ್ಲ.

ಕಾಕಾನ ಹತ್ತಿರ ಹೋಗುವುದಾದರೆ ಬೆಳಿಗ್ಗೆ ಹತ್ತರ ಮೇಲೆ, ಊಟದ ಹೊತ್ತು ಬಿಟ್ಟು ಹೋಗಿ. ಸೈಕಲ್ ತೊಳೆದುಕೊಂಡು ಹೋಗಿ, ಮಣ್ಣು ಮೆತ್ತಿದ್ದರೆ ಮೊದಲು ತೊಳೆದು ತರಲು ವಾಪಸ್ ಕಳಿಸುತ್ತಾರೆ. ಸಪ್ಪಳದ ಲೆಕ್ಕ ಮಾತ್ರ ಮೊದಲೇ ಮಾಡಿಕೊಂಡಿರಿ. ಪೆಡಲ್ ಸುತ್ತಿಗೆ ಎಷ್ಟು ಸಲ, ಯಾವ ಕಾಲಿಗೆ, ಕೂತಾಗಲೋ ನಿಂತಾಗಲೋ, ಯಾವ ಗೇರಿನಲ್ಲಿ. ಅಷ್ಟು ಹೇಳಿದರೆ ಅವರು ಕಟ್ಟೆಯಿಂದ ಏಳುವ ಮೊದಲೇ ಅರ್ಧ ಹುಡುಕಿರುತ್ತಾರೆ. ದುಡ್ಡನ್ನು ಫೋನಿನಲ್ಲೂ ಕೊಡಬಹುದು, ಬಾಗಿಲಿನ ಒಳಗಡೆ ಎಡಕ್ಕೆ ಸ್ಕ್ಯಾನರ್ ಅಂಟಿಸಿದ್ದಾರೆ. ಭಾನುವಾರ ತೆರೆದಿರುತ್ತದೆ, ಸೋಮವಾರ ರಜೆ.